ಗಿರಾಕಿ 'ಏನಿಲ್ಲ, ಫಾರ್ಮ್ಯಾಟ್ ಹೊಡಿ' ಅಂದ್ರೂ ಬ್ಯಾಕಪ್ ತಗೋಬೇಕೇನ್ರಿ?

ಗಂಗಾವತಿ ಸರ್ವಿಸ್:
ಎಲ್ಲಾರಿಗೂ ನಮಸ್ಕಾರ್ರಿ. ಗಂಗಾವತ್ಯಾಗ ರಿಪೇರಿ ಅಂಗಡಿ ಇಟ್ಟು ಎರಡು ವರ್ಷ ಆತು. ಹೋದ ವಾರ ಅಕ್ಕಿ ವ್ಯಾಪಾರದವ್ರದ್ದು ಒಂದು ಸಿಪಿಯು ಬಂದಿತ್ತು, ವಿಂಡೋಸ್ ಆನ್ ಆಗವಲ್ದು, ಡೇಟಾ ಏನರ ಐತೇನ್ರಿ ಅಂತ ಕೇಳಿದ್ರ 'ಸಿ ಡ್ರೈವ್‌ನಾಗ ಏನಿಲ್ಲ, ಇದ್ದಿದ್ದೆಲ್ಲಾ ಟ್ಯಾಲಿಯೊಳಗ ಐತಿ, ನೀ ಫಾರ್ಮ್ಯಾಟ್ ಹೊಡಿ' ಅಂದ್ರು. ಆ ಟ್ಯಾಲಿ (ಲೆಕ್ಕ ಇಡೋ ಸಾಫ್ಟ್‌ವೇರ್) ಎಲ್ಲಿ ಕುಂತೈತಿ ಅಂತ ನನ್ನ ತಲಿಗೆ ಹೊಳೀಲಿಲ್ಲ ನೋಡ್ರಿ, ಅಂಗಡ್ಯಾಗ ಗದ್ದಲ ಬ್ಯಾರೆ ಇತ್ತು, ಹೊಡದ್ಬಿಟ್ಟೆ. ಮರುದಿನ ಸಂಜಿಕ್ಕ ಬಂದು 'ನಮ್ಮ ಲೆಕ್ಕ ಎಲ್ಲೋ' ಅಂತ ಕೌಂಟರ್ ಮುಂದ ನಿಂತಾರ. ಎಸ್‌ಎಸ್‌ಡಿ ಅದು (ತಿರುಗೋ ತಟ್ಟಿ ಇಲ್ಲದ ಚಿಪ್ ಡಿಸ್ಕ್), ಮೂರು ರಿಕವರಿ ಸಾಫ್ಟ್‌ವೇರ್ ಹಚ್ಚಿದೆ, ಒಂದು ಫೈಲೂ ಬರಲಿಲ್ಲ. ನೀವು ಪ್ರತಿ ಮಷೀನಿಗೂ ಬ್ಯಾಕಪ್ ತಗೊಂತೀರೇನು? ಅದಕ್ಕ ಬ್ಯಾರೆ ರೊಕ್ಕ ಇಸ್ಕೊಂತೀರಾ?

ಬಳ್ಳಾರಿ ಕೌಲ್‌ಬಜಾರ್:
ಎಸ್‌ಎಸ್‌ಡಿ ಅಂದ್ರೆ ಆಸೆ ಬಿಡಣ್ಣ. ಫಾರ್ಮ್ಯಾಟ್ ಹೊಡೆದ ಕೂಡ್ಲೆ ವಿಂಡೋಸ್ ಟ್ರಿಮ್ ಕಳಿಸ್ತೈತೆ, ಅಂದ್ರೆ 'ಈ ಜಾಗದಾಗಿಂದು ಇನ್ನು ಬೇಡ' ಅಂತ ಹೇಳ್ತೈತೆ, ಎಸ್‌ಎಸ್‌ಡಿ ತಾನೇ ಒಳಗೆ ಒರೆಸ್ಕೊಂಡು ಕೂತುಬಿಡ್ತೈತೆ. ಹಳೇ ಹಾರ್ಡ್‌ಡಿಸ್ಕ್ ಆಗಿದ್ರೆ ಮೇಲೆ ಬೇರೆ ಏನಾದ್ರೂ ಬರೆಯೋವರೆಗೆ ಸ್ವಲ್ಪನಾದ್ರೂ ಸಿಗ್ತಿತ್ತು.

'ಡೇಟಾ ಐತಾ' ಅಂತ ನಾನು ಕೇಳೋದೇ ಬಿಟ್ಟೀನಿ, 'ಇದ್ರಾಗೆ ದಿನಾ ಏನು ಕೆಲ್ಸ ಮಾಡ್ತೀರಿ' ಅಂತ ಕೇಳ್ತೀನಿ. ಟ್ಯಾಲಿ ಅಂದ್ರೆ ಸಿ ಡ್ರೈವ್‌ನ ಯೂಸರ್ಸ್, ಅದರೊಳಗೆ ಪಬ್ಲಿಕ್, ಅದರೊಳಗೆ ಟ್ಯಾಲಿಪ್ರೈಮ್, ಡೇಟಾ, ನಂಬರ್ ಹೆಸರಿನ ಫೋಲ್ಡರ್ ಇರ್ತಾವೆ ನೋಡು, ಅವೇ ಲೆಕ್ಕ. ಡಿಟಿಪಿಯೋರು (ಪ್ರಿಂಟಿಗೆ ಟೈಪ್ ಮಾಡೋರು) ಅಂದ್ರೆ ನುಡಿ ಅನ್ನೋ ಹಳೇ ಕನ್ನಡ ಫಾಂಟೂ ಎತ್ಕೋಬೇಕು, ಫೈಲ್ ಉಳಿಸಿ ಫಾಂಟ್ ಬಿಟ್ರೆ ಲಗ್ನಪತ್ರಿಕೆ ತೆಗೆದಾಗ ಬರೀ ಇಂಗ್ಲಿಷ್ ಅಕ್ಷರದ ಕಸ ಕಾಣ್ತೈತೆ, ಬೈಸ್ಕೊಂಡೀನಿ ಅದಕ್ಕೆ. ರೊಕ್ಕ ಇಸ್ಕೊತೀನಿ, ಜಾಬ್ ಕಾರ್ಡ್ (ರಿಪೇರಿಗೆ ತಗೊಂಡಾಗ ಬರೆಯೋ ಚೀಟಿ) ಮೇಲೆ 'ಬ್ಯಾಕಪ್ ಬೇಕು / ಬೇಡ' ಅಂತ ಬರೆದು ಸಹಿ ಹಾಕಿಸ್ಕೊತೀನಿ. ಬೇಡ ಅಂದೋರದ್ದೂ ಯೂಸರ್ಸ್ ಫೋಲ್ಡರ್ ಒಂದು ಕಾಪಿ ಹೊಡೆದಿಡ್ತೀನಿ, ಹೇಳೋದಿಲ್ಲ ಅಷ್ಟೆ.

ರಾಯಚೂರು ಟೆಕ್:
ಹೇಳದೆ ಇಟ್ಕೊಳ್ಳೋದು ಸರಿ ಅಲ್ರಿ ಅದು. ಹೆಣ್ಮಕ್ಕಳ ಫೋಟೊ, ಬ್ಯಾಂಕ್ ಪಾಸ್‌ಬುಕ್, ಆಧಾರ್ ಎಲ್ಲಾ ಇರ್ತಾವ ಅದ್ರಾಗ, ನಾಳೆ ನಿಮ್ಮ ಅಂಗಡಿ ಹುಡುಗ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಹೋದ್ರ ಹೆಸರು ಯಾರದು ಕೆಡ್ತದ? ಹೇಳಿ ತಗೋರಿ, ಹದಿನೈದು ದಿನಕ್ಕ ಅಳಿಸ್ತೀನಿ ಅಂತ ಕಾರ್ಡ್‌ನಾಗೇ ಬರೀರಿ.

ಇನ್ನೊಂದು, ಕಾಪಿ ಹೊಡಿಯೋಕಿಂತ ಮೊದಲ ಡಿಸ್ಕ್ ಆರೋಗ್ಯ ತೋರ್ಸೋ ಕ್ರಿಸ್ಟಲ್ ಡಿಸ್ಕ್ ಇನ್ಫೋ ತೆಗೆದು ನೋಡ್ರಿ. ಪೆಂಡಿಂಗ್ ಸೆಕ್ಟರ್ (ಸರಿಯಾಗಿ ಓದ್ಲಿಕ್ಕೆ ಬರದ ಜಾಗ) ಬಂದು ಹಳದಿ ತೋರಿಸ್ತಿದ್ರ ವಿಂಡೋಸ್‌ನ ಡಿಸ್ಕ್ ತಪ್ಪು ಹುಡುಕೋ ಚೆಕ್‌ಡಿಸ್ಕ್ ಓಡಿಸಬ್ಯಾಡ್ರಿ, ಸಾಯೋ ಡಿಸ್ಕಿಗೆ ಅದು ಇನ್ನಷ್ಟು ಹೊಡೆತ. ಲಿನಕ್ಸ್ ಪೆನ್‌ಡ್ರೈವ್‌ನಿಂದ ಡಿಡಿರೆಸ್ಕ್ಯೂ (ಕೆಟ್ಟ ಡಿಸ್ಕಿನಿಂದ ಡೇಟಾ ಎತ್ತೋ ಸಾಫ್ಟ್‌ವೇರ್) ಹಾಕಿ ಕ್ಲೋನ್ ತೆಗೀರಿ, ಎಲ್ಲೀತನಕ ಆತು ಅಂತ ಬರ್ಕೊಳ್ಳೋ ಮ್ಯಾಪ್ ಫೈಲ್ ಕೊಟ್ಟಿದ್ರ ಕರೆಂಟ್ ಹೋದ್ರೂ ನಿಂತಲ್ಲಿಂದ ಶುರು ಆಗ್ತದ. ಡಿಸ್ಕ್ ಚೊಲೊ ಇದ್ರ ವಿಂಡೋಸ್‌ನಾಗಿರೋ ಕಾಪಿ ಕಮಾಂಡ್ ರೋಬೋಕಾಪಿ ಸಾಕು, ಆದ್ರ ರೀಟ್ರೈ 1, ವೇಟ್ 1 ಅಂತ ಕೊಡ್ರಿ, ಸುಮ್ನ ಬಿಟ್ರ ಒಂದು ಕೆಟ್ಟ ಫೈಲಿಗೆ 10 ಲಕ್ಷ ಸಲ, ಸಲಕ್ಕ 30 ಸೆಕೆಂಡ್ ಕಾದು ಕಾದು ನೋಡ್ತದ!

ಕೊಪ್ಪಳದವ:
ಬಿಟ್‌ಲಾಕರ್ (ಡಿಸ್ಕಿಗೆ ಕೀ ಹಾಕೋ ವಿಂಡೋಸ್ ಸೌಲಭ್ಯ) ಮರೀಬ್ಯಾಡ್ರಿ. ವಿಂಡೋಸ್ 11ರ 24ಎಚ್2 ಅನ್ನೋ ಆವೃತ್ತಿ ಹೊಸದಾಗಿ ಹಾಕಿ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದ್ರ ಹೋಮ್ ಎಡಿಷನ್‌ನಾಗೂ ಡಿಸ್ಕ್ ತಾನೇ ಲಾಕ್ ಆಗಿರ್ತೈತಿ, ಗಿರಾಕಿಗೆ ಗೊತ್ತೇ ಇರಂಗಿಲ್ಲ. ಮದರ್‌ಬೋರ್ಡ್ ಬದಲು ಮಾಡಿದ್ರ ಇಲ್ಲಾ ಡಿಸ್ಕ್ ಬಿಚ್ಚಿ ಬ್ಯಾರೆ ಮಷೀನಿಗೆ ಹಾಕಿದ್ರ 48 ಅಂಕಿ ಕೀ ಕೇಳ್ತೈತಿ. ಗಿರಾಕಿ ಎದುರಿಗಿದ್ದಾಗಲೇ ಅವರ ಮೊಬೈಲ್‌ನಾಗ ಅಕೌಂಟ್ ತೆಗಿಸಿ ಕೀ ಬರ್ಕೊಂಡು ಆಮ್ಯಾಲ ಸ್ಕ್ರೂ ಬಿಚ್ಚೋದು.

ಗಂಗಾವತಿ ಸರ್ವಿಸ್:
ಉಪಕಾರ ಆತ್ರಿ. ಅವರ ಆಡಿಟರ್ ಹತ್ರ ಮಾರ್ಚ್ ತನಕದ್ದು ಸಿಕ್ಕೈತಿ, ಏಪ್ರಿಲ್‌ನಿಂದ ಈಚೀದು ಬಿಲ್ ಬುಕ್ ನೋಡಿ ಹೊಡೀಬೇಕು. ದಿನಾ ಸಂಜಿ ಅಂಗಡಿ ಮುಚ್ಚಿದ ಮ್ಯಾಲ ನಾನೇ ಹೋಗಿ ಕುಂತು ಹೊಡಿಯಾಕತ್ತೀನಿ, ಇವತ್ತಿಗೆ ಮೇ ತಿಂಗಳು ಮುಗದೈತಿ. ಜಾಬ್ ಕಾರ್ಡ್ ನಾಳೆ ಪ್ರಿಂಟಿಗೆ ಕೊಡ್ತೀನಿ.