ಚೀಟಿ 301, ಕಡತದಲ್ಲಿ ಸಾಲು 256: ಅವೇಟ್ ಮುಗಿದ ಮೇಲೂ ತೂಕ ಎಲ್ಲಿ ಕಳೆದುಹೋಗುತ್ತಿದೆ?

ಬ್ಯಾಡಗಿ ಕಾಟಾ

ಎಲ್ಲರಿಗೂ ನಮಸ್ಕಾರ. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ನಮ್ಮ ಸೋದರಮಾವನವರ ದಲಾಲಿ ಅಂಗಡಿ ಇದೆ. ಅಲ್ಲಿನ ಎಲೆಕ್ಟ್ರಾನಿಕ್ ಕಾಟಾದಿಂದ ಸೀರಿಯಲ್ ಕೇಬಲ್ ಮೂಲಕ ತೂಕ ಓದಿ, ಕಡತಕ್ಕೆ ಒಂದು ಸಾಲು ಬರೆದು, ರೈತರಿಗೆ ಚೀಟಿ ಮುದ್ರಿಸಿ ಕೊಡುವ ಸಣ್ಣ ಪ್ರೋಗ್ರಾಂ ಬರೆದಿದ್ದೇನೆ. ರಸ್ಟ್ ಭಾಷೆ, ಟೋಕಿಯೋ ಲೈಬ್ರರಿ (ಅಸಿಂಕ್, ಅಂದರೆ ಒಂದು ಕೆಲಸ ಮುಗಿಯಲು ಕಾಯುವಾಗ ಇನ್ನೊಂದನ್ನು ನಡೆಸುವ ರೀತಿಗೆ). ಓಡುವುದು ರಾಸ್ಪ್‌ಬೆರಿ ಪೈ ಮೇಲೆ, ಮೆಮೊರಿ ಕಾರ್ಡಿನಲ್ಲಿ ಎಕ್ಸ್ಟ್4 ಕಡತ ವ್ಯವಸ್ಥೆ.

ಗುರುವಾರ ಸಂಜೆಯ ಲಾಟಿನ ರೈತರು ಮರುದಿನ ಬೆಳಿಗ್ಗೆ ಚೀಟಿಗಳ ಕಟ್ಟು ಹಿಡಿದು ಲೆಕ್ಕಕ್ಕೆ ಬಂದರು. ಅವರ ಕೈಯಲ್ಲಿರುವ ಚೀಲಗಳು ನನ್ನ ಕಡತದಲ್ಲಿ ಇಲ್ಲವೇ ಇಲ್ಲ. ಅಂದು ಮುದ್ರಿಸಿದ ಚೀಟಿ 301, ಕಡತದಲ್ಲಿರುವ ಸಾಲು 256. ಮಾವ ಚೀಟಿ ನೋಡಿಯೇ ಹಣ ಕೊಟ್ಟರು, ಆದರೆ ಅಂಗಡಿಯ ತುಂಬ ಜನರ ಎದುರು "ನಿನ್ನ ಯಂತ್ರಕ್ಕಿಂತ ನನ್ನ ಕೆಂಪು ಬಟ್ಟೆಯ ಪುಸ್ತಕವೇ ಮೇಲು" ಎಂದರು. ಕಡತದ ಕೊನೆಯ ಸಾಲು ಹೀಗಿದೆ:

190226 164210 107 00256 038.450

ದಿನಾಂಕ, ಸಮಯ, ಲಾಟು, ಚೀಲದ ಸಂಖ್ಯೆ, ಕಿಲೊ. ಸಾಲು ತುಂಡಾಗಿಲ್ಲ, ಮುಂದಿನದು ಬಂದೇ ಇಲ್ಲ ಅಷ್ಟೆ. ಟೋಕಿಯೋದ ಫೈಲನ್ನು ಅದರದೇ ಬಫ್‌ರೈಟರ್ (ಬರಹವನ್ನು ಮೆಮೊರಿಯಲ್ಲಿ ಕೂಡಿಟ್ಟು ಒಟ್ಟಿಗೆ ಬರೆಯುವ ಹೊದಿಕೆ) ಒಳಗೆ ಇಟ್ಟು, ಪ್ರತಿ ಚೀಲಕ್ಕೂ ರೈಟ್_ಆಲ್ ಕರೆದು ಅವೇಟ್ ಮಾಡುತ್ತೇನೆ (ಮುಗಿಯುವವರೆಗೆ ಕಾಯುತ್ತೇನೆ), ಆಮೇಲೆಯೇ ಚೀಟಿ ಮುದ್ರಿಸುತ್ತೇನೆ. ದೋಷ ಬಂದರೆ ಪ್ಯಾನಿಕ್ ಆಗಿ ಪ್ರೋಗ್ರಾಂ ನಿಲ್ಲಬೇಕು. ಒಂದು ದಿನವೂ ಆಗಿಲ್ಲ. ರಾತ್ರಿ ಸಿಸ್ಟಮ್‌ಡಿ (ಲಿನಕ್ಸಿನಲ್ಲಿ ಸೇವೆಗಳನ್ನು ನಡೆಸುವ ವ್ಯವಸ್ಥೆ) ಮೂಲಕ ಸೇವೆಯನ್ನು ನಿಲ್ಲಿಸಿ ಕಡತವನ್ನು ಪೆನ್‌ಡ್ರೈವ್‌ಗೆ ಇಳಿಸಿಕೊಳ್ಳುತ್ತೇನೆ. ಕಾರ್ಡ್ ಕೆಟ್ಟಿದೆಯೇ?

ಗದಗ ಗಾಳಿ

ಕಾರ್ಡನ್ನು ಬಯ್ಯುವ ಮೊದಲು ಹಿಂದಿನ ವಾರದ ಕಡತಗಳನ್ನೂ ಎಣಿಸಿ ಹೇಳಿ. ಸಾಲೂ ಬೇಕು, ಬೈಟೂ ಬೇಕು.

ಬ್ಯಾಡಗಿ ಕಾಟಾ

ಸೋಮವಾರದ ಚೀಟಿ 588, ಸಾಲು 512. ಕಡತದ ಗಾತ್ರ 16384 ಬೈಟ್. ಅದರ ಹಿಂದಿನ ಗುರುವಾರವೂ ಸಾಲು 512 ಇದೆ. ಚೀಟಿ ಎಷ್ಟು ಎಂದು ಅಂದು ಯಾರೂ ಎಣಿಸಲಿಲ್ಲ.

ಧಾರವಾಡದ ಮಳೆ

ಈ ಸಂಖ್ಯೆಗಳೇ ಕಳ್ಳನನ್ನು ಹಿಡಿದುಕೊಟ್ಟಿವೆ. ನಿಮ್ಮ ಸಾಲನ್ನು ಎಣಿಸಿ ನೋಡಿ: ಅಂಕೆಗಳು, ಚುಕ್ಕೆ, ನಡುವಿನ ಖಾಲಿ ಜಾಗ, ಕೊನೆಯ ಹೊಸಸಾಲಿನ ಗುರುತು ಸೇರಿ ಸರಿಯಾಗಿ 32 ಬೈಟ್. 256 ಸಾಲು ಅಂದರೆ 8192. ಟೋಕಿಯೋದ ಬಫ್‌ರೈಟರ್‌ನ ಹೊಟ್ಟೆ ಅಷ್ಟೇ ದೊಡ್ಡದು, 8 ಕೆಬಿ. ಅದು ತುಂಬುವವರೆಗೆ ನಿಮ್ಮ ರೈಟ್_ಆಲ್ ಮಾಡುವ ಕೆಲಸ ಮೆಮೊರಿಯಿಂದ ಮೆಮೊರಿಗೆ ನಕಲು ಮಾತ್ರ. 257ನೆಯ ಚೀಲ ಬಂದಾಗ ಹಿಂದಿನ 256 ಒಟ್ಟಿಗೆ ಕಡತದ ಕಡೆಗೆ ಹೊರಡುತ್ತವೆ. ಉಳಿದ 45 ಸಾಲುಗಳು ರಾತ್ರಿ ನೀವು ಸೇವೆ ನಿಲ್ಲಿಸಿದಾಗ ಬಫರಿನೊಳಗೇ ಇದ್ದವು, ಪ್ರಕ್ರಿಯೆಯ ಜೊತೆಗೇ ಹೋದವು.

ರಸ್ಟ್‌ನ ಸ್ಟ್ಯಾಂಡರ್ಡ್ ಲೈಬ್ರರಿಯ ಬಫ್‌ರೈಟರ್ ಬಳಸಿ ರೂಢಿಯಾದವರು ಇಲ್ಲಿ ಮೋಸ ಹೋಗುತ್ತಾರೆ. ಅದು ಡ್ರಾಪ್ ಆಗುವಾಗ, ಅಂದರೆ ಕೆಲಸ ಮುಗಿದು ಮೆಮೊರಿಯಿಂದ ತೆರವಾಗುವಾಗ, ಉಳಿದದ್ದನ್ನು ತಾನೇ ಬರೆಯಲು ನೋಡುತ್ತದೆ, ದೋಷ ಬಂದರೆ ನುಂಗಿಕೊಳ್ಳುತ್ತದೆ. ಟೋಕಿಯೋದ್ದು ಡ್ರಾಪ್ ಆದರೆ ಉಳಿದದ್ದನ್ನು ಚೆಲ್ಲಿಬಿಡುತ್ತದೆ. ಡ್ರಾಪ್ ಒಳಗೆ ಅವೇಟ್ ಮಾಡಲು ಬರುವುದಿಲ್ಲವಲ್ಲ, ಅದಾದರೂ ಏನು ಮಾಡೀತು. ನಿಮ್ಮ ವಿಷಯದಲ್ಲಂತೂ ಡ್ರಾಪ್‌ವರೆಗೂ ಹೋಗಿರಲಿಕ್ಕಿಲ್ಲ. ನಿಲ್ಲಿಸುವ ಸೂಚನೆಯನ್ನು ಹೇಗೆ ಹಿಡಿಯುತ್ತಿದ್ದೀರಿ?

ಬ್ಯಾಡಗಿ ಕಾಟಾ

ಕಂಟ್ರೋಲ್-ಸಿ ಒತ್ತಿದರೆ ಟೋಕಿಯೋದ ಸಿಗ್ನಲ್ ಕಾರ್ಯ ಎದ್ದು ಪ್ರೋಸೆಸ್ ಎಕ್ಸಿಟ್ ಕರೆಯುತ್ತದೆ, ಅಷ್ಟೇ ಇಟ್ಟಿದ್ದೇನೆ.

ಅಕ್ಕಾ, ನೀವು ಹೇಳಿದ ಮೇಲೆ ಬಫ್‌ರೈಟರ್ ಕಿತ್ತುಹಾಕಿ ನೇರವಾಗಿ ಫೈಲ್‌ಗೆ ಬರೆದೆ. ಮೇಜಿನ ಮೇಲೆ ಒಂದು ಸಣ್ಣ ಪರೀಕ್ಷೆ: ಹತ್ತು ಸಾಲು ಬರೆದು ತಕ್ಷಣ ಎಕ್ಸಿಟ್. ಹೆಚ್ಚಿನ ಸಲ ಹತ್ತೂ ಇರುತ್ತವೆ, ಒಮ್ಮೊಮ್ಮೆ ಒಂಬತ್ತು. ಬಫರೇ ಇಲ್ಲದ ಮೇಲೆ ಹತ್ತನೆಯದು ಎಲ್ಲಿ ಹೋಗುತ್ತದೆ?

ಧಾರವಾಡದ ಮಳೆ

ಬಫರ್ ಇನ್ನೊಂದಿದೆ, ಅದು ಟೋಕಿಯೋದ ಫೈಲ್‌ನ ಒಳಗೇ.

ಲಿನಕ್ಸಿನಲ್ಲಿ ಸಾಕೆಟ್‌ಗಳಿಗೆ (ಜಾಲದ ಸಂಪರ್ಕಗಳಿಗೆ) ಇರುವ ಈಪೋಲ್, ಅಂದರೆ ದತ್ತಾಂಶ ಸಿದ್ಧವಾದಾಗ ತಿಳಿಸುವ ವ್ಯವಸ್ಥೆ, ಸಾಮಾನ್ಯ ಕಡತಗಳಿಗೆ ನಡೆಯುವುದಿಲ್ಲ. ಕಡತವನ್ನು ಅದಕ್ಕೆ ಸೇರಿಸಲು ಹೋದರೆ ಅನುಮತಿ ಇಲ್ಲ ಎಂಬ ದೋಷ ಕೊಟ್ಟು ಕಳಿಸುತ್ತದೆ. ನಾನ್‌ಬ್ಲಾಕಿಂಗ್ ಎಂದು ತೆರೆದರೂ ಕಡತಕ್ಕೆ ಅದರಿಂದ ಏನೂ ಆಗದು. ಹಾಗಾಗಿ ಟೋಕಿಯೋ ನಿಮ್ಮ ಸಾಲನ್ನು ತನ್ನ ಬಫರಿಗೆ ನಕಲು ಮಾಡಿಕೊಂಡು, ಬೇರೊಂದು ಥ್ರೆಡ್‌ಗೆ (ಜೊತೆಜೊತೆಗೆ ಓಡುವ ಕೆಲಸದ ಎಳೆಗೆ) "ಇದನ್ನು ಬರೆ" ಎಂದು ಒಪ್ಪಿಸಿ, ನಿಮಗೆ "ಆಯಿತು" ಎಂದುಬಿಡುತ್ತದೆ. ಆ ಥ್ರೆಡ್‌ಗಳ ಗುಂಪಿಗೆ ಮಿತಿ ಬದಲಿಸದಿದ್ದರೆ 512. ಹಮಾಲರು ಚೀಲ ಹೆಗಲಿಗೆ ಏರಿಸಿಕೊಂಡ ಕೂಡಲೇ ಲಾರಿ ತುಂಬಿತು ಎಂದು ಬರೆದುಕೊಂಡ ಹಾಗೆ. ನೀವು ಮರುಕ್ಷಣವೇ ಪ್ರೋಸೆಸ್ ಎಕ್ಸಿಟ್ ಕರೆದರೆ ಹೆಗಲ ಮೇಲಿನ ಚೀಲ ದಾರಿಯಲ್ಲೇ. ಆ ಕರೆ ಥ್ರೆಡ್‌ಗಳಿಗಾಗಿ ಕಾಯುವುದಿಲ್ಲ, ಯಾವ ಡ್ರಾಪನ್ನೂ ಓಡಿಸುವುದಿಲ್ಲ.

ಇದರ ಜೊತೆಗೆ ಹುಟ್ಟುವ ಇನ್ನೊಂದು ತೊಂದರೆಗೆ ಜನ ಗಮನವನ್ನೇ ಕೊಡುವುದಿಲ್ಲ. ಹಿಂದಿನ ಬರಹ ವಿಫಲವಾದರೆ, ಉದಾಹರಣೆಗೆ ಕಾರ್ಡ್ ತುಂಬಿದ್ದರೆ, ಆ ದೋಷ ನಿಮಗೆ ತಿಳಿಯುವುದು ಮುಂದಿನ ರೈಟ್ ಅಥವಾ ಫ್ಲಶ್ (ಬಾಕಿ ಬರಹ ಮುಗಿಯುವವರೆಗೆ ಕಾಯುವ ಕರೆ) ಕರೆದಾಗ. ಅಂದರೆ 45ನೆಯ ಚೀಲದ ತಪ್ಪು 46ನೆಯದರ ಹೆಸರಿನಲ್ಲಿ ಬರುತ್ತದೆ. ಕೊನೆಯ ಚೀಲದ್ದಾದರೆ ಬರುವುದೇ ಇಲ್ಲ. "ಒಂದು ದಿನವೂ ಪ್ಯಾನಿಕ್ ಆಗಿಲ್ಲ" ಎಂಬ ಮಾತಿಗೆ ಹಾಗಾಗಿ ಬೆಲೆ ಕಡಿಮೆ.

ಎರಡು ಕೆಲಸ ಮಾಡಿ. ಪ್ರತಿ ರೈಟ್_ಆಲ್ ಹಿಂದೆಯೇ ಫ್ಲಶ್ ಕರೆದು ಅವೇಟ್ ಮಾಡಿ. ಇನ್ನೊಂದು, ಸಿಸ್ಟಮ್‌ಡಿ ಸೇವೆ ನಿಲ್ಲಿಸುವಾಗ ಕಳಿಸುವುದು ಸಿಗ್‌ಟರ್ಮ್. ನೀವು ಕೇಳಿಸಿಕೊಳ್ಳುತ್ತಿರುವುದು ಕಂಟ್ರೋಲ್-ಸಿಯ ಸಿಗ್‌ಇಂಟ್ ಮಾತ್ರ. ಸಿಗ್‌ಟರ್ಮ್ ಹಿಡಿಯದಿದ್ದರೆ ಪ್ರಕ್ರಿಯೆ ನಿಂತ ಜಾಗದಲ್ಲೇ ಸಾಯುತ್ತದೆ. ಎರಡನ್ನೂ ಹಿಡಿಯಿರಿ, ಹಿಡಿದ ಮೇಲೆ ಎಕ್ಸಿಟ್ ಕರೆಯದೆ ಮುಖ್ಯ ಲೂಪಿನಿಂದ ಹೊರಬಂದು, ಫ್ಲಶ್ ಮಾಡಿ, ಮೇನ್ ಫಂಕ್ಷನ್ ತಾನಾಗಿ ಮುಗಿಯಲು ಬಿಡಿ. ಅವಸರವೇನಿಲ್ಲ, ಬದಲಿಸದಿದ್ದರೆ ಸಿಸ್ಟಮ್‌ಡಿ 90 ಸೆಕೆಂಡು ಕಾಯುತ್ತದೆ.

ಗದಗ ಗಾಳಿ

ಅಕ್ಕಾವರು ಹೇಳಿದ್ದು ಸರಿ, ಆದರೆ ಇದೆಲ್ಲ ಹಳೆಯ ಗಾಡಿಗೆ ಹೊಸ ಗಾಲಿ. ಐಓ ಯೂರಿಂಗ್ ಇರುವಾಗ ಥ್ರೆಡ್‌ಗಳ ಗೋಜು ಏಕೆ? ಯೆನ್ಸ್ ಆಕ್ಸ್‌ಬೋ ಅದನ್ನು 2019ರಲ್ಲಿ ಲಿನಕ್ಸ್ 5.1ಕ್ಕೆ ಸೇರಿಸಿದರು. ವಿನಂತಿಗಳನ್ನು ಒಂದು ಉಂಗುರದಲ್ಲಿ ಇಟ್ಟರೆ ಉತ್ತರ ಇನ್ನೊಂದು ಉಂಗುರದಲ್ಲಿ ಬರುತ್ತದೆ. ಕಪ್ಪತಗುಡ್ಡದ ಕಡೆಯ ಗಾಳಿಯಂತ್ರಗಳ ಕಂಪನದ ಮಾಪನಗಳನ್ನು ನಾನು ಹೀಗೆಯೇ ಬರೆಯುತ್ತೇನೆ, ಸೆಕೆಂಡಿಗೆ ಸಾವಿರಾರು.

ಧಾರವಾಡದ ಮಳೆ

ನಿಮ್ಮಲ್ಲಿ ಸೆಕೆಂಡಿಗೆ ಸಾವಿರಾರು, ಇವರಲ್ಲಿ ಎಂಟು-ಹತ್ತು ಸೆಕೆಂಡಿಗೆ ಒಂದು ಚೀಲ. ಉಂಗುರ ಹಾಕಿದರೂ ರೈಟ್ ಮುಗಿಯಿತು ಎಂಬ ಉತ್ತರದ ಅರ್ಥ ಕರ್ನಲ್‌ನ (ಲಿನಕ್ಸಿನ ತಿರುಳಿನ) ಪೇಜ್ ಕ್ಯಾಶ್ ಎಂಬ ಮೆಮೊರಿಗೆ ಮುಟ್ಟಿತು ಎಂದೇ, ಕಾರ್ಡಿಗೆ ಎಂದಲ್ಲ. ರೈಟ್ ಹಿಂದೆಯೇ ಎಫ್‌ಸಿಂಕ್ (ಡಿಸ್ಕಿಗೆ ಮುಟ್ಟಿಸು ಎಂಬ) ವಿನಂತಿಯನ್ನು ಕೊಂಡಿ ಹಾಕಿ ಕಳಿಸಬಹುದು, ಅದು ಅದರ ಸೊಗಸು, ಒಪ್ಪುತ್ತೇನೆ. ಆದರೆ ಇವರ ರೋಗಕ್ಕೆ ಆ ಔಷಧಿ ಬೇಡ.

ಬ್ಯಾಡಗಿ ಕಾಟಾ

ಫ್ಲಶ್ ಹಾಕಿದೆ, ಸಿಗ್‌ಟರ್ಮ್ ಹಿಡಿದೆ. ಎರಡು ದಿನ ಚೀಟಿ ಮತ್ತು ಸಾಲು ಒಂದಕ್ಕೊಂದು ತಾಳೆಯಾದವು, ಮಾವನ ಮುಖವೂ ಸಡಿಲವಾಯಿತು. ಇಂದು ಸೋಮವಾರ, ತೂಕದ ನಡುವೆ ಕರೆಂಟ್ ಹೋಯಿತು. ಪೈ ಮತ್ತೆ ಎದ್ದಾಗ ಕೊನೆಯ 4 ಚೀಲಗಳು ಕಡತದಲ್ಲಿ ಇಲ್ಲ. ಚೀಟಿಗಳು ಮಾತ್ರ ರೈತರ ಜೇಬಿನಲ್ಲಿವೆ. ಫ್ಲಶ್ ಮಾಡಿದ ಮೇಲೂ ಹೀಗೇಕೆ?

ಧಾರವಾಡದ ಮಳೆ

ಫ್ಲಶ್ ದಾಟಿಸುವುದು ಒಂದೇ ಹೊಸ್ತಿಲು, ನಿಮ್ಮ ಪ್ರೋಗ್ರಾಂನಿಂದ ಕರ್ನಲ್‌ಗೆ. ಅಲ್ಲಿಂದ ಮುಂದೆ ಸಾಲುಗಳು ಪೇಜ್ ಕ್ಯಾಶ್‌ನಲ್ಲಿ ಕುಳಿತಿರುತ್ತವೆ. ಪ್ರೋಗ್ರಾಂ ಸತ್ತರೆ ಕರ್ನಲ್ ಅವನ್ನು ಕಾಪಾಡುತ್ತದೆ; ಕರೆಂಟ್ ಹೋದರೆ ಕರ್ನಲ್ಲೇ ಇರುವುದಿಲ್ಲ. ಸಾಮಾನ್ಯ ಸೆಟ್ಟಿಂಗಿನಲ್ಲಿ ಕರ್ನಲ್ 5 ಸೆಕೆಂಡಿಗೊಮ್ಮೆ ಎದ್ದು ನೋಡಿ, 30 ಸೆಕೆಂಡಿಗಿಂತ ಹಳೆಯದಾದ ಪುಟಗಳನ್ನು ಡಿಸ್ಕಿಗೆ ಕಳಿಸುತ್ತದೆ. ಎಂಟು ಸೆಕೆಂಡಿಗೊಂದು ಚೀಲ ಎಂದರೆ ಮೂವತ್ತು ಚಿಲ್ಲರೆ ಸೆಕೆಂಡಿನಲ್ಲಿ ಎಷ್ಟಾಯಿತು? ನಿಮ್ಮ ನಾಲ್ಕು ಚೀಲ ಅಲ್ಲೇ ಇದ್ದವು.

ನಿಮಗೆ ಬೇಕಾದದ್ದು ಸಿಂಕ್_ಡೇಟಾ. ಕೆಳಗೆ ಅದು ಎಫ್‌ಡೇಟಾಸಿಂಕ್ ಕರೆಯುತ್ತದೆ. ಸಿಂಕ್_ಆಲ್ ಅಂದರೆ ಎಫ್‌ಸಿಂಕ್, ಅದು ಮಾರ್ಪಾಟಿನ ಸಮಯದಂಥ ಉಳಿದ ವಿವರಗಳನ್ನೂ ಸೇರಿಸಿಕೊಳ್ಳುತ್ತದೆ. ಕಡತದ ಉದ್ದ ಬೆಳೆದಿದ್ದರೆ ಅದನ್ನು ಎರಡೂ ಉಳಿಸುತ್ತವೆ, ಆದ್ದರಿಂದ ನಿಮಗೆ ಮೊದಲನೆಯದು ಸಾಕು. ಮತ್ತು ಕ್ರಮ ಇದೇ ಇರಲಿ: ಸಾಲು ಬರೆ, ಸಿಂಕ್ ಮಾಡು, ಆಮೇಲೆ ಚೀಟಿ. ಚೀಟಿ ಎನ್ನುವುದು ರೈತರಿಗೆ ನೀವು ಕೊಡುವ ಮಾತು. ಕಡತದಲ್ಲಿದ್ದು ಚೀಟಿ ಬಾರದಿದ್ದರೆ ಮತ್ತೊಮ್ಮೆ ಮುದ್ರಿಸಬಹುದು. ಚೀಟಿ ಬಂದು ಕಡತದಲ್ಲಿ ಇಲ್ಲದಿದ್ದರೆ ಜಗಳ.

ಪ್ರತಿದಿನ ಹೊಸ ಕಡತ ತೆರೆಯುತ್ತೀರಾದರೆ, ತೆರೆದ ಕೂಡಲೇ ಅದು ಇರುವ ಡೈರೆಕ್ಟರಿಯನ್ನೂ ಒಮ್ಮೆ ಸಿಂಕ್ ಮಾಡಿ. ಕಡತದ ಹೆಸರು ಇರುವುದು ಡೈರೆಕ್ಟರಿಯಲ್ಲಿ.

ಬ್ಯಾಡಗಿ ಕಾಟಾ

ಹಾಕಿ ಅಳೆದು ನೋಡಿದೆ. ಹೆಚ್ಚಿನ ಸಲ 30 ಮಿಲಿಸೆಕೆಂಡಿನ ಆಸುಪಾಸು, ಆದರೆ ನಡುನಡುವೆ 400 ದಾಟುತ್ತದೆ. ಅಸಿಂಕ್ ಆರಿಸಿದ್ದೇ ವೇಗಕ್ಕೆಂದು. ಮುಂದಿನ ತಿಂಗಳು ಎರಡನೆಯ ಕಾಟಾ ಬರುತ್ತಿದೆ, ಆಗ?

ಧಾರವಾಡದ ಮಳೆ

ಅರ್ಧ ಸೆಕೆಂಡೇ ಆಗಲಿ, ಚೀಲ ಇಳಿಸಿ ಇನ್ನೊಂದು ಏರಿಸುವಷ್ಟರಲ್ಲಿ ಮುಗಿದಿರುತ್ತದೆ. ನನ್ನನ್ನು ಕೇಳಿದರೆ ಕಡತದ ಮಟ್ಟಿಗೆ ಅಸಿಂಕ್ ಆರಿಸಿದ್ದೇ ತಪ್ಪು. ಕಾಟಾಗಳನ್ನು ಓದುವುದು ಟೋಕಿಯೋದಲ್ಲೇ ಇರಲಿ, ಅಲ್ಲಿ ಅದು ಶೋಭಿಸುತ್ತದೆ. ಬರೆಯಲು ಒಂದೇ ಒಂದು ಸಾದಾ ಥ್ರೆಡ್ ಇಡಿ: ಸ್ಟ್ಯಾಂಡರ್ಡ್ ಲೈಬ್ರರಿಯ ಫೈಲ್, ಅಪೆಂಡ್ ರೀತಿಯಲ್ಲಿ ತೆರೆದದ್ದು. ಎರಡೂ ಕಾಟಾಗಳು ಮಿತಿಯಿರುವ ಒಂದು ಚಾನೆಲ್ ಮೂಲಕ ಸಾಲುಗಳನ್ನು ಅದಕ್ಕೆ ಕಳಿಸಲಿ, ಪ್ರತಿ ಸಾಲಿನ ಜೊತೆ ಉತ್ತರ ಬರಬೇಕಾದ ಒನ್‌ಶಾಟ್ (ಒಂದೇ ಸಲ ಬಳಸುವ ಚಾನೆಲ್) ಕೂಡ ಹೋಗಲಿ. ಥ್ರೆಡ್ ಎದ್ದಾಗ ಚಾನೆಲ್‌ನಲ್ಲಿ ಕಾದಿರುವ ಎಲ್ಲ ಸಾಲುಗಳನ್ನು ಬಾಚಿಕೊಂಡು ಒಟ್ಟಿಗೆ ಬರೆದು, ಒಂದೇ ಸಿಂಕ್ ಮಾಡಿ, ಎಲ್ಲರಿಗೂ ಉತ್ತರ ಕಳಿಸಲಿ. ಡೇಟಾಬೇಸ್‌ಗಳು ಗ್ರೂಪ್ ಕಮಿಟ್ ಎಂದು ಮಾಡುವುದು ಇದನ್ನೇ. ಹತ್ತು ಕಾಟಾ ಬಂದರೂ ಸಿಂಕ್ ಹತ್ತು ಪಟ್ಟು ಆಗುವುದಿಲ್ಲ.

ಗದಗ ಗಾಳಿ

ಇದನ್ನು ಒಪ್ಪಿದೆ. ನನ್ನ ಕಡೆಯಿಂದ ಒಂದು ಎಚ್ಚರಿಕೆ, ನಾನೇ ಅನುಭವಿಸಿದ್ದು. ಸಿಂಕ್ ದೋಷ ಕೊಟ್ಟರೆ ಅದನ್ನೇ ಮತ್ತೊಮ್ಮೆ ಕರೆದು "ಈಗ ಸರಿಯಾಯಿತು" ಎಂದು ಮುಂದೆ ಹೋಗಬೇಡಿ. ವಿಫಲವಾದ ಪುಟಗಳನ್ನು ಕರ್ನಲ್ ಶುದ್ಧ ಎಂದು ಗುರುತು ಮಾಡಿಬಿಟ್ಟಿರಬಹುದು, ಎರಡನೆಯ ಕರೆ ಸುಮ್ಮನೆ ಯಶಸ್ವಿಯಾಗುತ್ತದೆ, ದತ್ತಾಂಶ ಇರುವುದಿಲ್ಲ. 2018ರಲ್ಲಿ ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಬಳಗ ಇದನ್ನು ಕಂಡು ಬೆಚ್ಚಿಬಿದ್ದಿತ್ತು. ಈಗ ಅವರ ಸರ್ವರ್ ಅಂಥ ದೋಷ ಬಂದರೆ ಪ್ಯಾನಿಕ್ ಆಗಿ ನಿಂತು, ತನ್ನ ಲಾಗ್‌ನಿಂದ ಮತ್ತೆ ಕಟ್ಟಿಕೊಳ್ಳುತ್ತದೆ. ನೀವೂ ತೂಕ ನಿಲ್ಲಿಸಿ, ಕೆಂಪು ದೀಪ ಹಚ್ಚಿ.

ಹಾವೇರಿ ಏಲಕ್ಕಿ

ಇಷ್ಟೆಲ್ಲ ಓದಿದ ಮೇಲೂ ಯಾರೂ ಹೇಳದ ಮಾತು: ಪೈಗೆ ಒಂದು ಸಣ್ಣ ಯುಪಿಎಸ್ ಹಾಕಿ. ಕೆಲವು ಅಗ್ಗದ ಕಾರ್ಡುಗಳು ಸಿಂಕ್ ಆಯಿತೆಂದು ಸುಳ್ಳು ಹೇಳುತ್ತವೆ, ಅದಕ್ಕೆ ಯಾವ ಕೋಡೂ ಮದ್ದಲ್ಲ. ಇನ್ನು ಪ್ರತಿ ಸಾಲಿನ ಕೊನೆಗೆ ಸಿಆರ್‌ಸಿ (ಸಾಲು ಕೆಟ್ಟಿಲ್ಲವೆಂದು ತಾಳೆ ನೋಡುವ ಸಂಖ್ಯೆ) ಸೇರಿಸಿ. ಎದ್ದ ಕೂಡಲೇ ಕೊನೆಯ ಸಾಲು ತಾಳೆಯಾಗದಿದ್ದರೆ ಅಷ್ಟನ್ನು ಕತ್ತರಿಸಿ ಮುಂದುವರಿಯಬಹುದು.

ಬ್ಯಾಡಗಿ ಕಾಟಾ

ಬರೆಯುವ ಥ್ರೆಡ್, ಸಿಂಕ್, ಸಿಆರ್‌ಸಿ ಎಲ್ಲ ಸೇರಿಸಿದೆ. ಕಾರ್ಡನ್ನೂ ಬದಲಿಸಿದೆ. ಬುಧವಾರ ಅಂಗಡಿ ಖಾಲಿಯಿದ್ದಾಗ ಒಂದೇ ಚೀಲವನ್ನು ಕಾಟಾದ ಮೇಲೆ ಏರಿಸಿ ಇಳಿಸಿ, ನಡುನಡುವೆ ಪ್ಲಗ್ ಕಿತ್ತು, 20 ಸಲ ಪರೀಕ್ಷಿಸಿದೆ. ಹತ್ತೊಂಬತ್ತು ಸಲ ಚೀಟಿ ಮತ್ತು ಸಾಲು ಸಮ. ಒಂದು ಸಲ ಕಡತದಲ್ಲಿ ಒಂದು ಸಾಲು ಹೆಚ್ಚು, ಚೀಟಿ ಬಂದಿರಲಿಲ್ಲ. ಅಕ್ಕಾ, ನೀವು ಹೇಳಿದ ದಿಕ್ಕಿನಲ್ಲೇ ತಪ್ಪಿದೆ ಎಂದುಕೊಂಡು ಸಮಾಧಾನವಾಯಿತು. ಮತ್ತೆ ಮುದ್ರಿಸುವ ಗುಂಡಿಯೊಂದನ್ನು ಸೇರಿಸುತ್ತೇನೆ. ಯುಪಿಎಸ್‌ಗೆ ಮಾವ ಒಪ್ಪಿದ್ದಾರೆ, ಆದರೆ ಕೆಂಪು ಬಟ್ಟೆಯ ಪುಸ್ತಕ ಇನ್ನೂ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇದೆ.

ಧಾರವಾಡದ ಮಳೆ

ಇರಲಿ ಬಿಡಿ. ಮರುಮುದ್ರಣದ ಚೀಟಿಯ ಮೇಲೆ "ನಕಲು" ಎಂದು ಮರೆಯದೆ ಹಾಕಿ, ಇಲ್ಲವಾದರೆ ಒಂದೇ ಚೀಲಕ್ಕೆ ಎರಡು ಸಲ ಹಣ ಕೇಳಲು ಬಂದಾರು.