ಮೈನಸ್ 20 ಚಳಿಗೆ ಡಕ್ಟ್ ಇಲ್ಲದ ಹೀಟ್ ಪಂಪ್, ಎಷ್ಟು ದೊಡ್ಡದು ಬೇಕು?

ಪ್ರಶ್ನೆ: ಚಳಿಗಾಲದಲ್ಲಿ ರಾತ್ರಿ ಮೈನಸ್ 20 ಡಿಗ್ರಿಗೂ ಇಳಿಯುತ್ತೆ, ಹಳೇ ಮನೆ, ಡಕ್ಟ್ (ಬಿಸಿಗಾಳಿ ರೂಮುಗಳಿಗೆ ಒಯ್ಯೋ ಕೊಳವೆ) ಇಲ್ಲ. ಹೀಟ್ ಪಂಪ್ (ಹೊರಗಿನ ಗಾಳಿಯಿಂದ ಶಾಖ ಎಳೆದು ಮನೆ ಬಿಸಿ ಮಾಡೋ ಮಷೀನ್) ಹಾಕ್ಸ್ಬೇಕು. ಇನ್‌ಸ್ಟಾಲರ್ ಒಬ್ರು ಇರೋದ್ರಲ್ಲೇ ದೊಡ್ಡದು ಹಾಕ್ಸಿ ಅಂತಾರೆ, ಇನ್ನೊಬ್ರು ಹೊರಗಡೆ ಒಂದು ಯೂನಿಟ್ಟು ಒಳಗೆ ನಾಲ್ಕು ಅಂತಾರೆ. ಯಾವ್ದು ಸರಿ?

ಉತ್ತರ 1: ಬ್ರೋಷರ್‌ನಲ್ಲಿ ದಪ್ಪಕ್ಷರದಲ್ಲಿರೋ ಕೆಪ್ಯಾಸಿಟಿ ನಂಬ್ಕೊಂಡು ತಗೋಬೇಡಿ, ಅದು ಸಾಮಾನ್ಯವಾಗಿ ಹೊರಗೆ 7-8 ಡಿಗ್ರಿ ಇದ್ದಾಗಿನ ಲೆಕ್ಕ. ಮೈನಸ್ 15ಕ್ಕೆ, ಮೈನಸ್ 20ಕ್ಕೆ ಎಷ್ಟು ಕಿಲೋವ್ಯಾಟ್ ಶಾಖ ಕೊಡುತ್ತೆ ಅನ್ನೋ ಟೇಬಲ್ ಕೇಳಿ. ಮೈನಸ್ 25ರ ತನಕ ಕೆಲ್ಸ ಮಾಡುತ್ತೆ ಅಂದ್ರೆ ಮಷೀನ್ ಓಡುತ್ತೆ ಅಂತ ಅಷ್ಟೇ, ಪೂರ್ತಿ ಶಾಖ ಕೊಡುತ್ತೆ ಅಂತಲ್ಲ. ಹಾಗಂತ ತೀರಾ ದೊಡ್ಡದು ಹಾಕಿದ್ರೆ ಚಳಿ ಕಮ್ಮಿ ಇರೋ ದಿನ ಪದೇ ಪದೇ ಆನ್ ಆಫ್ ಆಗಿ ಕರೆಂಟ್ ದಂಡ, ಅದಕ್ಕೇ ಮಿನಿಮಮ್ ಔಟ್‌ಪುಟ್ಟೂ (ಆಫ್ ಆಗ್ದೆ ಎಷ್ಟು ಕಮ್ಮಿ ಶಾಖಕ್ಕೆ ಇಳಿದು ಓಡುತ್ತೆ ಅನ್ನೋದು) ನೋಡಿ.

ಉತ್ತರ 2: ನಾಲ್ಕು ಒಳಗಿನ ಯೂನಿಟ್ಟಲ್ಲಿ ಒಂದೇ ಓಡಿದ್ರೂ ಅದೇ ಆನ್ ಆಫ್ ಪಾಡು, ಹೊರಗಿನ ಕಂಪ್ರೆಸರ್ ಅಷ್ಟು ಕೆಳಗೆ ಇಳಿಯಲ್ಲ. ಅದಕ್ಕೇ ಹೊರಗೊಂದು ಒಳಗೊಂದು ಅನ್ನೋ ಜೋಡಿಗಳನ್ನ ಬೇರೆ ಬೇರೆ ಹಾಕ್ಸೋದೇ ಮೇಲು, ಒಂದು ಕೆಟ್ರೂ ಇನ್ನೊಂದಿರುತ್ತೆ. ಹೊರಗಿನ ಯೂನಿಟ್ ನೆಲದ ಮೇಲೆ ಕೂರಿಸೋಕೆ ಬಿಡ್ಲೇಬೇಡಿ, ಹಿಮ ಬೀಳೋ ಮಟ್ಟಕ್ಕಿಂತ ಎತ್ತರಕ್ಕೆ ಸ್ಟ್ಯಾಂಡ್ ಬೇಕು. ಡಿಫ್ರಾಸ್ಟ್ ಆದಾಗ (ಅಂದ್ರೆ ಹೊರಗಿನ ಯೂನಿಟ್ ತನ್ನ ಮೇಲೆ ಕಟ್ಟಿದ ಮಂಜನ್ನ ತಾನೇ ಕರಗಿಸಿಕೊಂಡಾಗ) ಕರಗಿದ ನೀರು ತಳದಲ್ಲೇ ಹೆಪ್ಪುಗಟ್ಟಿ ಫ್ಯಾನ್ ರೆಕ್ಕೆಗೆ ತಾಗುತ್ತೆ, ತಳದ ಟ್ರೇಗೆ ಹೀಟರ್ ಇರೋ ಮಾಡೆಲ್ಲೇ ತಗೊಳ್ಳಿ. ಡಿಫ್ರಾಸ್ಟ್ ಆಗೋವಾಗ ಬುಸ್ ಅಂತ ಆವಿ ಏಳುತ್ತೆ, ಹೊಗೆ ಅಂತ ಗಾಬರಿಯಾಗ್ಬೇಡಿ.

ಪ್ರಶ್ನೆ ಕೇಳಿದವರು: ತುಂಬಾ ಥ್ಯಾಂಕ್ಸ್. ಹಳೇ ಹೀಟರ್ ತೆಗೆದುಬಿಡ್ಲಾ?

ಉತ್ತರ 1: ಬೇಡ, ಇರ್ಲಿ, ವಿಪರೀತ ಚಳಿ ಇರೋ ರಾತ್ರಿಗೆ ಬೇಕಾಗುತ್ತೆ. ಮೊದ್ಲು ಕಿಟಕಿ ಬಾಗಿಲು ಸಂದಿ ಮುಚ್ಚಿಸಿ, ಅಟ್ಟಕ್ಕೆ ಇನ್ಸುಲೇಷನ್ ಹಾಕ್ಸಿ, ಆಮೇಲೆ ರೂಮ್ ರೂಮಿಗೂ ಎಷ್ಟು ಶಾಖ ಬೇಕು ಅಂತ ಲೆಕ್ಕ ಹಾಕ್ಸಿ.