ಸಹಾಯ ಬೇಕು: ನಾಲ್ಕನೇ ತಿಂಗಳ ಮಾತ್ರೆ ಮತ್ತು ಸ್ಕ್ಯಾನ್ ಬಗ್ಗೆ

ಗುಂಪಿನ ಎಲ್ಲ ಹಿರಿಯರಿಗೂ ತಾಯಂದಿರಿಗೂ ನಮಸ್ಕಾರ. ನನ್ನ ಪತ್ನಿಗೆ ಇದು ಚೊಚ್ಚಲ ಬಸಿರು. ಈಗ 14 ವಾರ ತುಂಬಿದ್ದು, ವಾಂತಿ, ವಾಕರಿಕೆ ಬಹುಮಟ್ಟಿಗೆ ಇಳಿದು ಊಟ ಸೇರತೊಡಗಿದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಾಯಿ ಕಾರ್ಡ್ ಮಾಡಿಸಿದ್ದು, ಕಬ್ಬಿಣಾಂಶ ಮತ್ತು ಫೋಲಿಕ್ ಆಮ್ಲದ ಮಾತ್ರೆ ದಿನಕ್ಕೊಂದು, 500 ಮಿಲಿಗ್ರಾಂ ಕ್ಯಾಲ್ಸಿಯಂ ಮಾತ್ರೆ ದಿನಕ್ಕೆರಡು ಕೊಟ್ಟಿದ್ದಾರೆ. ಇವೆರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣಾಂಶ ಮೈಗೆ ಸರಿಯಾಗಿ ಹತ್ತುವುದಿಲ್ಲ, ಕಾಫಿ, ಚಹಾದ ಜೊತೆಗೂ ಬೇಡ ಎಂದು ಆಶಾ ಕಾರ್ಯಕರ್ತೆ ತಿಳಿಸಿದ್ದರಿಂದ, ಕ್ಯಾಲ್ಸಿಯಂ ಅನ್ನು ಬೆಳಗಿನ ತಿಂಡಿ ಹಾಗೂ ರಾತ್ರಿ ಊಟದ ನಂತರ, ಕಬ್ಬಿಣಾಂಶದ್ದನ್ನು ಮಧ್ಯಾಹ್ನದ ಊಟವಾಗಿ ಒಂದೆರಡು ಗಂಟೆ ಬಿಟ್ಟು ತೆಗೆದುಕೊಳ್ಳುತ್ತಿದ್ದಾಳೆ. ಮಲ ಕಪ್ಪಾಗುವುದು ಸಹಜವೆಂದು ಗೊತ್ತು, ಆದರೆ ಮಲಬದ್ಧತೆ ವಿಪರೀತವಾಗಿದೆ. ಮಾತ್ರೆ ನಿಲ್ಲಿಸದೆ ಇದನ್ನು ನಿಭಾಯಿಸಿದವರು ಊಟ, ತಿಂಡಿಯಲ್ಲಿ ಏನು ಬದಲಾಯಿಸಿಕೊಂಡಿರಿ ಎಂದು ದಯವಿಟ್ಟು ತಿಳಿಸಿ.

ಇನ್ನೊಂದು ವಿಷಯ: 18ರಿಂದ 20 ವಾರಗಳ ನಡುವಿನ ಅನಾಮಲಿ ಸ್ಕ್ಯಾನ್‌ಗೆ ನಾವು ಶಿರಸಿಯಿಂದ ಹುಬ್ಬಳ್ಳಿಗೆ ಹೋಗಬೇಕಿದೆ. ಮಗುವಿನ ಹೃದಯ, ಮಿದುಳು, ಬೆನ್ನುಮೂಳೆಗಳನ್ನು ಪರಿಶೀಲಿಸುವ ಈ ಪರೀಕ್ಷೆಗೆ ಎಷ್ಟು ಮುಂಚೆ ಸಮಯ ಗೊತ್ತುಮಾಡಿಕೊಳ್ಳಬೇಕು, ಮಗು ಅನುಕೂಲವಾಗಿ ಮಲಗಿರದಿದ್ದರೆ ಅದೇ ದಿನ ಮತ್ತೆ ನೋಡುತ್ತಾರೆಯೇ, ಗಂಡನನ್ನು ಒಳಗೆ ಬಿಡುತ್ತಾರೆಯೇ? (ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ ಅಪರಾಧವೆಂಬುದು ತಿಳಿದಿದೆ, ನಮಗೆ ಆ ಕುತೂಹಲವೂ ಇಲ್ಲ.)

ಮಗು ಮಿಸುಕುತ್ತಿದೆಯೇ ಎಂದು ನಮ್ಮತ್ತೆಯವರು ಈಗಲೇ ದಿನವೂ ವಿಚಾರಿಸುತ್ತಾರೆ. ಚೊಚ್ಚಲಿಗೆ ಅದು ಸಾಮಾನ್ಯವಾಗಿ 18ರಿಂದ 20ನೇ ವಾರದ ಹೊತ್ತಿಗೆ ತಿಳಿಯುವುದರಿಂದ ಆ ಬಗ್ಗೆ ಚಿಂತೆಯಿಲ್ಲ. ರಕ್ತಸ್ರಾವ, ಜ್ವರ, ತೀವ್ರ ಹೊಟ್ಟೆನೋವು ಕಂಡರೆ ನೇರವಾಗಿ ಆಸ್ಪತ್ರೆಗೇ ಹೋಗುತ್ತೇವೆ. ಇಲ್ಲಿ ಕೋರುತ್ತಿರುವುದು ನಿಮ್ಮ ಅನುಭವವನ್ನು ಮಾತ್ರ.